ಇವೊ ಆಂದ್ರಿಚ್: ಸೇತುವೆಯ ಲೇಖಕನೋ, ಕಚೇರಿಯ ಲೇಖಕನೋ?

ಪ್ರಶ್ನೆ: ಯುಗೊಸ್ಲಾವಿಯಾದ ನೊಬೆಲ್ ವಿಜೇತ ಲೇಖಕ ಇವೊ ಆಂದ್ರಿಚ್‌ನ 'ದ್ರಿನಾ ನದಿಯ ಸೇತುವೆ' ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿ ಮುಗಿಸಿದೆ. ಪೂರ್ವ, ಪಶ್ಚಿಮಗಳನ್ನು ಬೆಸೆಯುವ ಕೃತಿ ಎಂದು ಎಲ್ಲರೂ ಹೊಗಳುತ್ತಾರೆ. ನನಗೇಕೋ ಹಾಗೆ ಅನ್ನಿಸಲಿಲ್ಲ. ಲೇಖಕನ ಬಗ್ಗೆ ಹುಡುಕಿದರೆ ಇನ್ನಷ್ಟು ಗೊಂದಲ. ಹಿಟ್ಲರನ ಬರ್ಲಿನ್ನಿನಲ್ಲಿ ರಾಯಭಾರಿಯಾಗಿದ್ದ ಎಂದು ಒಬ್ಬರು, ಮುಸ್ಲಿಂ ದ್ವೇಷಿ ಎಂದು ಇನ್ನೊಬ್ಬರು. ಸರ್ಬಿಯಾ, ಕ್ರೊಯೇಷಿಯಾ, ಬೊಸ್ನಿಯಾ ಮೂರೂ ಕಡೆ ತಮ್ಮವನೆಂದು ಹೇಳಿಕೊಳ್ಳುವವರಿದ್ದಾರೆ. ಈತನನ್ನು ಹೇಗೆ ಓದಬೇಕು? ಮುಂದೆ ಯಾವ ಪುಸ್ತಕ ಹಿಡಿಯಲಿ?

ಉತ್ತರ: ಬರ್ಲಿನ್ನಿನಲ್ಲಿ ಯುಗೊಸ್ಲಾವಿಯಾದ ರಾಯಭಾರಿಯಾಗಿದ್ದುದು ನಿಜ. ಮುಸ್ಲಿಂ ದ್ವೇಷಿ ಎಂಬ ಆರೋಪ ಗಾಳಿಯಲ್ಲಿ ಹುಟ್ಟಿದ್ದಲ್ಲ, ಆದರೆ ಕಾದಂಬರಿಗಳನ್ನು ಪೂರ್ತಿ ಓದಿದವರು ಅಷ್ಟು ಸಲೀಸಾಗಿ ಹಾಗೆ ತೀರ್ಪು ಕೊಡಲಾರರು. ಅದಕ್ಕೆ ಆಮೇಲೆ ಬರುತ್ತೇನೆ. ಬೆಸೆಯುವ ಸೇತುವೆ ಎಂಬ ಹೊಗಳಿಕೆಯನ್ನು ಮಾತ್ರ ನಾನೂ ಒಪ್ಪುವುದಿಲ್ಲ. ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ಆ ಕಾದಂಬರಿಯಲ್ಲಿ ಸೇತುವೆ ಹೇಗೆ ಮೇಲೇಳುತ್ತದೆ, ಇನ್ನೊಮ್ಮೆ ನೆನೆಸಿಕೊಳ್ಳಿ. ಬೊಸ್ನಿಯಾದ ವಿಶೆಗ್ರಾದ್ ಊರಿನ ಹತ್ತಿರದ ಸೊಕೊಲೊವಿಚಿ ಎಂಬ ಹಳ್ಳಿಯ ಕ್ರೈಸ್ತ ಹುಡುಗನೊಬ್ಬನನ್ನು ಸುಲ್ತಾನನ ಸೈನ್ಯಕ್ಕೆಂದು ತಾಯಿಯ ಮಡಿಲಿನಿಂದ ಕಿತ್ತುಕೊಂಡು ಹೋಗುತ್ತಾರೆ. ಅದು ಆ ಕಾಲದ ಆಟೊಮನ್ ತುರ್ಕರ ಪದ್ಧತಿ, ಮಕ್ಕಳನ್ನೇ ಕಂದಾಯವಾಗಿ ಎತ್ತುವುದು. ದ್ರಿನಾ ದಾಟುವ ದೋಣಿಕಟ್ಟೆಯ ಬಳಿ ತಾಯಂದಿರು ಹಿಂದೆ ಉಳಿಯುತ್ತಾರೆ. ಆ ಹುಡುಗ ಮುಂದೆ ಮೆಹ್ಮೆದ್ ಪಾಶಾ ಸೊಕೊಲೊವಿಚ್ ಎಂಬ ಮಹಾವಜೀರನಾಗಿ, ಎದೆಯೊಳಗೆ ಆ ನದಿಯ ದಂಡೆಯಲ್ಲಿ ಹೊಕ್ಕ ನೋವನ್ನು ಹೊತ್ತು, ಅದೇ ಜಾಗದಲ್ಲಿ ಸೇತುವೆ ಕಟ್ಟಿಸುತ್ತಾನೆ. ವಾಸ್ತವದಲ್ಲೂ ಇದು ಅವನ ಸೇತುವೆಯೇ. ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿ ಮಿಮಾರ್ ಸಿನಾನ್ ರೂಪಿಸಿದ್ದು, 1571ರಿಂದ 1577ರ ನಡುವೆ ಕಟ್ಟಿದ್ದು, ಹನ್ನೊಂದು ಕಮಾನು, ಸುಮಾರು 180 ಮೀಟರ್ ಉದ್ದ, 2007ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ.

ಕಾದಂಬರಿಯ ಒಳಗೆ ಆ ಕಲ್ಲುಗಳನ್ನು ಹೊರುವವರು ಬಿಟ್ಟಿ ಚಾಕರಿಗೆ ಹಿಡಿದು ತಂದ ರೈತರು. ಮೇಲ್ವಿಚಾರಕ ಅಬಿದಾಗಾ. ಹಗಲು ಕಟ್ಟಿದ್ದನ್ನು ರಾತ್ರಿ ಕೆಡವುತ್ತಿದ್ದ ರಾದಿಸಾವ್ ಎಂಬ ರೈತನನ್ನು ಹಿಡಿದು ಅರ್ಧ ಕಟ್ಟಿದ ಸೇತುವೆಯ ಮೇಲೇ ಶೂಲಕ್ಕೇರಿಸುತ್ತಾರೆ. ಎಷ್ಟೋ ಓದುಗರು ಪುಸ್ತಕ ಮುಚ್ಚಿಟ್ಟದ್ದು ಈ ಅಧ್ಯಾಯದಲ್ಲೇ. ಹಿಂಸೆಯ ವರ್ಣನೆಯಷ್ಟೇ ಆಗಿದ್ದರೆ ಇದನ್ನು ಮರೆಯಬಹುದಿತ್ತು. ಆಂದ್ರಿಚ್ ಅಲ್ಲಿ ಚೀರಾಟಕ್ಕಿಂತ ಕೆಲಸದ ಒಪ್ಪ ಓರಣವನ್ನು ತೋರಿಸುತ್ತಾನೆ. ಶೂಲದ ಉದ್ದ, ತುದಿಗೆ ಹಚ್ಚುವ ಕೊಬ್ಬು, ಮನುಷ್ಯ ಬೇಗ ಸಾಯದಂತೆ ವಹಿಸಬೇಕಾದ ಎಚ್ಚರ, ಮಾಡುವವನಿಗೆ ಸಿಗುವ ಕೂಲಿ, ಎಲ್ಲವೂ ಲೆಕ್ಕಕ್ಕೆ ಸಿಗುತ್ತದೆ. ಕೆಲವೇ ಪುಟಗಳ ನಂತರ ಇನ್ನೊಂದು ಲೆಕ್ಕವೂ ಹೊರಬೀಳುತ್ತದೆ: ರೈತರ ಕೂಲಿಗೆಂದು ವಜೀರ ಕಳಿಸುತ್ತಿದ್ದ ಹಣವನ್ನು ಅಬಿದಾಗಾ ತಾನೇ ನುಂಗುತ್ತಿದ್ದ. ವಜೀರ ಅವನನ್ನು ಎತ್ತಂಗಡಿ ಮಾಡಿ ಆರಿಫ್ ಬೇಗ್ ಎಂಬ ಶಾಂತ ಸ್ವಭಾವದವನನ್ನು ಕಳಿಸುತ್ತಾನೆ. ಕೂಲಿ ಬಟವಾಡೆಯಾಗುತ್ತದೆ, ಸೇತುವೆಯೂ ಮುಗಿಯುತ್ತದೆ. ಒಂದೇ ಕಲ್ಲುಕಟ್ಟಡ, ಒಂದೇ ಒಡೆಯ. ನಡುವೆ ಕೂತ ಅಧಿಕಾರಿ ಬದಲಾದ ಮಾತ್ರಕ್ಕೆ ಊರಿನ ಪಾಡು ಬದಲಾಯಿತು.

ನನ್ನ ಮಟ್ಟಿಗೆ ಆಂದ್ರಿಚ್ ಇರುವುದು ಇಲ್ಲಿ. ಆತ ಸೇತುವೆಗಳ ಕಾದಂಬರಿಕಾರ ಎನ್ನುವುದಕ್ಕಿಂತ ಅಧಿಕಾರಿಗಳ ಕಾದಂಬರಿಕಾರ ಎಂದರೆ ಹೆಚ್ಚು ಸರಿ. ದೂರದ ರಾಜಧಾನಿಯಿಂದ ಬರುವ ಫರ್ಮಾನು ಒಂದು ಸಣ್ಣ ಊರಿನ ಚಹರೆಯನ್ನು ಹೇಗೆ ತಿರುಚುತ್ತದೆ, ಅದನ್ನು ಜಾರಿಗೆ ತರುವವನ ಒಳಗೆ ಏನಾಗುತ್ತದೆ, ಅವನಿಗೂ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಎಷ್ಟು ಸುಳ್ಳು ಬೇಕಾಗುತ್ತದೆ ಎಂಬುದು ಆತನ ಜೀವಮಾನದ ವಸ್ತು. ಹೀಗೆ ಓದಿದರೆ ನೀವು ಕೇಳಿದ ಬರ್ಲಿನ್ ಪ್ರಶ್ನೆ ಕೂಡ ಆತನ ಬರವಣಿಗೆಗೆ ಹೊರಗಿನದಾಗಿ ಉಳಿಯುವುದಿಲ್ಲ.

ದ್ರಿನಾ ಕಾದಂಬರಿಯಲ್ಲೇ ನನಗೆ ಅತ್ಯಂತ ಪ್ರಿಯವಾದ ಪಾತ್ರ ದಾವುತ್ ಹೋಜಾ. ಹೆಚ್ಚಿನ ವಿಮರ್ಶಕರು ಅವನನ್ನು ದಾಟಿ ಹೋಗುತ್ತಾರೆ. ಸೇತುವೆಯ ಪಕ್ಕದಲ್ಲಿ ವಜೀರ ಪ್ರಯಾಣಿಕರಿಗೊಂದು ಕಲ್ಲಿನ ಛತ್ರ ಕಟ್ಟಿಸಿರುತ್ತಾನೆ. ಅದರ ಖರ್ಚಿಗೆ ವಕ್ಫ್ ಆಸ್ತಿಯ ಉತ್ಪತ್ತಿ. ಆ ಆಸ್ತಿ ಇರುವುದು ದೂರದ ಹಂಗೆರಿಯಲ್ಲಿ. ಹದಿನೇಳನೆಯ ಶತಮಾನದ ಕೊನೆಗೆ ತುರ್ಕರು ಹಂಗೆರಿಯನ್ನು ಕಳೆದುಕೊಳ್ಳುತ್ತಾರೆ. ವಿಶೆಗ್ರಾದಿನಲ್ಲಿ ಯಾರೂ ಯುದ್ಧ ನೋಡಿಲ್ಲ, ಆದರೆ ಛತ್ರಕ್ಕೆ ಬರುತ್ತಿದ್ದ ಹಣ ನಿಂತುಹೋಗುತ್ತದೆ. ವಕ್ಫ್ ಉಸ್ತುವಾರಿ ಹೊತ್ತ ಮುತವಲ್ಲಿ ದಾವುತ್ ಹೋಜಾ ಕಾಗದದ ಮೇಲೆ ಕಾಗದ ಬರೆಯುತ್ತಾನೆ, ಯಾರೂ ಉತ್ತರಿಸುವುದಿಲ್ಲ. ಕೈಯಿಂದ ಹಣ ಹಾಕುತ್ತಾನೆ, ಸಾಲ ಮಾಡುತ್ತಾನೆ, ಸೂರು ಸೋರುವಲ್ಲಿ ತಾನೇ ಹತ್ತಿ ರಿಪೇರಿ ಮಾಡುತ್ತಾನೆ. ಅವನು ಸತ್ತ ಮೇಲೆ ಛತ್ರ ಪಾಳು ಬೀಳುತ್ತದೆ. ಸಾಮ್ರಾಜ್ಯವೊಂದು ಕುಗ್ಗುವುದನ್ನು ಇಷ್ಟು ಚಿಕ್ಕ ಜಾಗದಲ್ಲಿ, ಒಂದು ಸೋರುವ ಚಾವಣಿಯ ಮೂಲಕ ತೋರಿಸಿದ ಇನ್ನೊಬ್ಬ ಕಾದಂಬರಿಕಾರ ನನಗೆ ಗೊತ್ತಿಲ್ಲ.

ಅದೇ ವಂಶದ ಅಲಿಹೋಜಾ ಕಾದಂಬರಿಯ ಎರಡನೆಯ ಅರ್ಧದ ಕಣ್ಣು. 1878ರಲ್ಲಿ ಆಸ್ಟ್ರಿಯಾ ಹಂಗೆರಿಯ ಸೈನ್ಯ ಬೊಸ್ನಿಯಾದೊಳಗೆ ಬರುವಾಗ, ಇಷ್ಟು ಜನ ಕಟ್ಟಿಕೊಂಡು ಎದುರಿಸುವುದು ಹುಚ್ಚುತನ ಎಂದದ್ದಕ್ಕೆ ಅವನ ಕಿವಿಯನ್ನು ಸೇತುವೆಯ ಮರದ ತೊಲೆಗೆ ಮೊಳೆ ಹೊಡೆದು ಬಿಟ್ಟುಹೋಗುತ್ತಾರೆ, ತನ್ನದೇ ಧರ್ಮದ ಹೋರಾಟಗಾರರು. ಬಿಡಿಸುವವರು ಬಂದ ಶತ್ರು ಸೈನಿಕರು. ಆಮೇಲೆ ಹೊಸ ಆಡಳಿತ ಮನೆಗಳಿಗೆ ನಂಬರು ಹಾಕುತ್ತದೆ, ದೀಪ ಹಚ್ಚುತ್ತದೆ, ಎಲ್ಲವನ್ನೂ ಅಳೆಯುತ್ತದೆ, ರೈಲು ತರುತ್ತದೆ. ರೈಲು ಬಂದ ಮೇಲೆ ಸೇತುವೆಯ ಮೇಲಿನ ವ್ಯಾಪಾರದ ದಾರಿ ಬರಿದಾಗುತ್ತದೆ. ಅದೇ ಎಂಜಿನಿಯರುಗಳು ಕಂಬದೊಳಗೆ ಗುಟ್ಟಾಗಿ ಸಿಡಿಮದ್ದು ಇಟ್ಟಿರುತ್ತಾರೆ. 1914ರಲ್ಲಿ ಅದು ಸಿಡಿಯುತ್ತದೆ. ಬೆಸೆಯುವ ಸೇತುವೆ ಎನ್ನುವವರು ಈ ಕೊನೆಯನ್ನು ಎಲ್ಲಿಟ್ಟುಕೊಂಡಿರುತ್ತಾರೋ!

ಇನ್ನು ಬದುಕು. ಆಂದ್ರಿಚ್ ಹುಟ್ಟಿದ್ದು 1892ರ ಅಕ್ಟೋಬರ್ 9ರಂದು, ಬೊಸ್ನಿಯಾದ ತ್ರಾವ್ನಿಕ್ ಪಕ್ಕದ ದೋಲಾತ್ಸ್ ಎಂಬಲ್ಲಿ, ಕ್ಯಾಥೊಲಿಕ್ ಕ್ರೊಯೇಷಿಯನ್ ಕುಟುಂಬದಲ್ಲಿ. ಎರಡು ವರ್ಷದವನಿದ್ದಾಗ ತಂದೆ ಕ್ಷಯದಿಂದ ಸತ್ತ. ಸಾಕಲಾಗದ ತಾಯಿ ಮಗುವನ್ನು ವಿಶೆಗ್ರಾದಿನಲ್ಲಿದ್ದ ಸೋದರತ್ತೆಯ ಮನೆಗೆ ಬಿಟ್ಟಳು. ಅತ್ತೆಯ ಗಂಡ ಗಡಿ ಕಾವಲಿನ ಪೊಲೀಸ್ ಅಧಿಕಾರಿ. ಮನೆಯಿಂದ ಹೆಜ್ಜೆ ಹಾಕಿದರೆ ಆ ಸೇತುವೆ, ಅದರ ನಡುವಿನ ಅಗಲ ಜಗಲಿ, ಅಲ್ಲಿ ಕಾಫಿ ಕುಡಿಯುತ್ತ ಕಥೆ ಹೇಳುವ ಮೂರು ಧರ್ಮದ ಮುದುಕರು. ಆಳುವವರ ಮನೆಯಲ್ಲಿ ಅನ್ನ, ಆಳಿಸಿಕೊಳ್ಳುವವರ ಜೊತೆ ಮಾತು. ಮುಂದಿನ ಬರವಣಿಗೆಯ ಎರಡೂ ಕಡೆ ಅಲ್ಲೇ ಸಿಕ್ಕವು.

ಸರಾಯೆವೊದ ಪ್ರೌಢಶಾಲೆಯಲ್ಲಿ ಓದುವಾಗ ಆತ 'ಯುವ ಬೊಸ್ನಿಯಾ' ಎಂದು ಹೆಸರಾದ ಕ್ರಾಂತಿಕಾರಿ ಹುಡುಗರ ಬಳಗ ಸೇರಿದ. ಕವಿತೆ ಬರೆಯುತ್ತಿದ್ದ. ಜಾಗ್ರೆಬ್, ವಿಯೆನ್ನಾ, ಕ್ರಾಕೊವ್ ವಿಶ್ವವಿದ್ಯಾಲಯಗಳಲ್ಲಿ ಒಂದೊಂದರಲ್ಲಿ ಸ್ವಲ್ಪ ಸ್ವಲ್ಪ ಓದಿದ. 1914ರ ಜೂನ್ 28ರಂದು ಅದೇ ಬಳಗದ ಗಾವ್ರಿಲೊ ಪ್ರಿನ್ಸಿಪ್ ಸರಾಯೆವೊದಲ್ಲಿ ಆಸ್ಟ್ರಿಯಾ ಹಂಗೆರಿಯ ಪಟ್ಟದ ವಾರಸುದಾರ ಆರ್ಚ್‌ಡ್ಯೂಕ್ ಫ್ರಾಂಜ್ ಫರ್ಡಿನಾಂಡನಿಗೆ ಗುಂಡು ಹೊಡೆದ. ಕೊಲೆಯಲ್ಲಿ ಆಂದ್ರಿಚ್‌ನ ಕೈ ಇರಲಿಲ್ಲ, ಆದರೂ ಜುಲೈ ಕೊನೆಗೆ ಸ್ಪ್ಲಿತ್‌ನಲ್ಲಿ ಬಂಧನವಾಯಿತು. ಮಾರಿಬೊರ್ ಜೈಲಿನಲ್ಲಿ ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡನನ್ನು ಓದಿದ. 1915ರ ವಸಂತದಲ್ಲಿ ಬಿಟ್ಟರೂ ಒಂದೂರಿನಲ್ಲಿ ನಜರಬಂದಿ. 1917ರ ಕ್ಷಮಾದಾನದವರೆಗೂ ಅದೇ ಸ್ಥಿತಿ. ಮೊದಲ ಪುಸ್ತಕ 'ಎಕ್ಸ್ ಪೊಂತೊ' 1918ರಲ್ಲಿ ಬಂದದ್ದು ಈ ದಿನಗಳ ಗದ್ಯಕವಿತೆಗಳಾಗಿ. ಅದನ್ನು ನೀವು ಹುಡುಕಿ ಓದಬೇಕಿಲ್ಲ. ಮುಂದೆ ಆತ ಬಿಟ್ಟುಬಿಟ್ಟ ಭಾವುಕತೆಯೆಲ್ಲ ಅಲ್ಲಿದೆ.

ಮೊದಲ ಮಹಾಯುದ್ಧ ಮುಗಿದು ಸರ್ಬ್, ಕ್ರೊಯೇಟ್, ಸ್ಲೊವೀನ್ ಜನರ ಹೊಸ ರಾಜ್ಯ, ಮುಂದೆ ಯುಗೊಸ್ಲಾವಿಯಾ ಎನಿಸಿದ್ದು, ಹುಟ್ಟಿತು. ಸಾಮ್ರಾಜ್ಯದ ಕೈದಿಯಾಗಿದ್ದವನು ಹೊಸ ರಾಜ್ಯದ ವಿದೇಶಾಂಗ ನೌಕರಿಗೆ ಸೇರಿದ. 1920ರಲ್ಲಿ ವ್ಯಾಟಿಕನ್, ಆಮೇಲೆ ಬುಖಾರೆಸ್ಟ್, ತ್ರಿಯೆಸ್ತೆ, ಗ್ರಾಟ್ಸ್. ಪದವಿಯಿಲ್ಲದವರು ನೌಕರಿಯಲ್ಲಿ ಮುಂದುವರಿಯುವಂತಿಲ್ಲ ಎಂಬ ಕಾನೂನು ಬಂದಾಗ 1924ರಲ್ಲಿ ಗ್ರಾಟ್ಸ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ. ಅಂದರೆ ಈಗ ವಿವಾದದ ಕೇಂದ್ರದಲ್ಲಿರುವ ಪ್ರಬಂಧ ಹುಟ್ಟಿದ್ದು ನೌಕರಿ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ! ನಂತರ ಮಾರ್ಸೆ, ಪ್ಯಾರಿಸ್, ಮ್ಯಾಡ್ರಿಡ್, ಬ್ರಸೆಲ್ಸ್, ಜಿನೀವಾ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ 1937ರ ಹೊತ್ತಿಗೆ ವಿದೇಶಾಂಗ ಇಲಾಖೆಯಲ್ಲಿ ಮಂತ್ರಿಯ ಸಹಾಯಕ. 1939ರ ಜನವರಿಯಲ್ಲಿ ಅಲ್ಬೇನಿಯಾವನ್ನು ಇಟಲಿಯೊಂದಿಗೆ ಹಂಚಿಕೊಳ್ಳುವ ವಿಚಾರವಾಗಿ ಒಂದು ಟಿಪ್ಪಣಿ ಬರೆದುಕೊಟ್ಟ. ಅದರ ತಣ್ಣನೆಯ ಭಾಷೆ ಓದಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆತನ ಅಭಿಮಾನಿಗಳು ಈ ಟಿಪ್ಪಣಿಯ ಮಾತೆತ್ತುವುದಿಲ್ಲ. ಎತ್ತಲೇಬೇಕು ಎಂದು ನನ್ನ ಅಭಿಪ್ರಾಯ. ಇನ್ನೊಬ್ಬರ ನಾಡನ್ನು ನಕ್ಷೆಯ ಮೇಲೆ ಹಂಚುವ ಅಧಿಕಾರಿಯ ಮನಸ್ಸು ಹೇಗಿರುತ್ತದೆಂದು ಆತ ಹೊರಗಿನಿಂದ ಊಹಿಸಿ ಬರೆದವನಲ್ಲ.

1939ರ ಏಪ್ರಿಲ್‌ನಲ್ಲಿ ಬರ್ಲಿನ್ ರಾಯಭಾರ. ಅಧಿಕಾರಪತ್ರ ಕೊಟ್ಟದ್ದು ಹಿಟ್ಲರನ ಕೈಗೇ. ಎರಡು ವರ್ಷ ಅಲ್ಲಿದ್ದ. ಆದರೆ 1941ರ ವಸಂತದ ಹೊತ್ತಿಗೆ ಮುಖ್ಯ ಮಾತುಕತೆಗಳು ಆತನ ತಲೆಯ ಮೇಲಿಂದಲೇ ನಡೆಯುತ್ತಿದ್ದವು. ರಾಜೀನಾಮೆ ಕೊಡಲು ಮುಂದಾದ, ರಾಜಧಾನಿ ಬೆಲ್‌ಗ್ರೇಡ್ ಒಪ್ಪಲಿಲ್ಲ. ಮಾರ್ಚ್ 25ರಂದು ವಿಯೆನ್ನಾದಲ್ಲಿ ಯುಗೊಸ್ಲಾವಿಯಾ ನಾಜಿಗಳ ತ್ರಿಪಕ್ಷ ಒಪ್ಪಂದಕ್ಕೆ ಸಹಿ ಹಾಕಿದಾಗ ಸಹಿ ಆತನದಲ್ಲ, ಹಾಜರಿ ಆತನದು. ಎರಡೇ ದಿನದಲ್ಲಿ ಬೆಲ್‌ಗ್ರೇಡಿನಲ್ಲಿ ದಂಗೆ, ಸರ್ಕಾರ ಉರುಳಿತು. ಏಪ್ರಿಲ್ 6ರಂದು ಜರ್ಮನ್ ವಿಮಾನಗಳು ಬೆಲ್‌ಗ್ರೇಡಿನ ಮೇಲೆ ಬಾಂಬು ಸುರಿದವು.

ಇಲ್ಲಿಂದ ಮುಂದಿನದು ಆತನ ನಡತೆಯ ಬಗ್ಗೆ ತೀರ್ಪು ಕೊಡುವವರು ನೋಡಬೇಕಾದ ಭಾಗ. ರಾಯಭಾರ ಕಚೇರಿಯ ಸಿಬ್ಬಂದಿಯನ್ನು ಜರ್ಮನರು ಬೊಡೆನ್ ಸರೋವರದ ಬಳಿ ಇರಿಸಿದರು. ಸ್ವಿಟ್ಜರ್ಲೆಂಡಿಗೆ ಹೋಗುವ ಅವಕಾಶ ಆತನಿಗಿತ್ತು. ಬೇಡವೆಂದು, ಸಿಬ್ಬಂದಿ ಮತ್ತು ಅವರ ಕುಟುಂಬದವರ ಜೊತೆಗೇ 1941ರ ಜೂನ್ 1ರಂದು ಆಕ್ರಮಿತ ಬೆಲ್‌ಗ್ರೇಡಿಗೆ ಮರಳಿದ. ಪ್ರಿಜ್ರೆನ್ಸ್ಕಾ ಬೀದಿಯಲ್ಲಿ ವಕೀಲ ಗೆಳೆಯನೊಬ್ಬನ ಮನೆಯಲ್ಲಿ ಬಾಡಿಗೆ ಕೋಣೆ. ನವೆಂಬರಿನಲ್ಲಿ ತಾನೇ ಕೇಳಿ ನಿವೃತ್ತಿ ಪಡೆದ, ಪಿಂಚಣಿ ಮುಟ್ಟಲಿಲ್ಲ. ಜರ್ಮನರ ವಿರುದ್ಧದ ಹೋರಾಟವನ್ನು ಖಂಡಿಸುವ ಮನವಿಗೆ ಊರಿನ ಗಣ್ಯರು ಸಾಲಾಗಿ ಸಹಿ ಹಾಕಿದಾಗ ಹಾಕಲಿಲ್ಲ. ಕಥಾ ಸಂಕಲನವೊಂದಕ್ಕೆ ಕಥೆ ಕೇಳಿದರೆ, ಇಂಥ ಕಾಲದಲ್ಲಿ ಹೊಸದಿರಲಿ, ಹಳೆಯದಿರಲಿ ಏನನ್ನೂ ಪ್ರಕಟಿಸಲಾರೆ ಎಂದು ಬರೆದ. ಬಂದೂಕು ಹಿಡಿಯಲಿಲ್ಲ, ಕಾಡಿಗೂ ಹೋಗಲಿಲ್ಲ. ಇದನ್ನು ಧೈರ್ಯ ಎನ್ನುವಿರೋ ಜಾಗರೂಕತೆ ಎನ್ನುವಿರೋ, ನಿಮಗೆ ಬಿಟ್ಟದ್ದು. ನಾನು ಎರಡೂ ಎನ್ನುತ್ತೇನೆ. ಇಪ್ಪತ್ತು ವರ್ಷ ಸರ್ಕಾರದ ಪರವಾಗಿ ಮಾತಾಡಿದ್ದ ಮನುಷ್ಯ ಆ ನಾಲ್ಕು ವರ್ಷ ಬಾಯಿ ಮುಚ್ಚಿ ಬರೆದ. 1942ರ ಏಪ್ರಿಲ್‌ನಲ್ಲಿ 'ತ್ರಾವ್ನಿಕ್ ವೃತ್ತಾಂತ' ಮುಗಿಯಿತು, 1943ರ ಕೊನೆಗೆ 'ದ್ರಿನಾ ನದಿಯ ಸೇತುವೆ', 1944ರ ಶರತ್ತಿನಲ್ಲಿ 'ಗೊಸ್ಪೊಜಿತ್ಸಾ'. ಮೂರೂ 1945ರಲ್ಲಿ ಅಚ್ಚಾದವು. ಐವತ್ತೆರಡರ ವಯಸ್ಸಿನವರೆಗೂ ಆತನ ಒಂದೇ ಒಂದು ಕಾದಂಬರಿ ಪ್ರಕಟವಾಗಿರಲಿಲ್ಲ.

ಈ ಮೌನದ ಹಿನ್ನೆಲೆ ತಿಳಿಯಲು 1925ರಷ್ಟು ಹಿಂದೆಯೇ ಬರೆದ ಒಂದು ಸಣ್ಣ ಕಥೆ ನೋಡಿ, 'ಝೆಪಾದ ಸೇತುವೆ'. ಜೈಲಿಗೆ ಬಿದ್ದು ಬದುಕಿ ಬಂದ ವಜೀರನೊಬ್ಬ ತನ್ನ ಹುಟ್ಟೂರಿಗೆ ಸೇತುವೆ ಕಟ್ಟಿಸುತ್ತಾನೆ. ಕೆತ್ತಿಸಲು ಕವಿಯೊಬ್ಬ ಶಾಸನಪದ್ಯ ಬರೆದು ಕಳಿಸುತ್ತಾನೆ, ಕೆಳಗೆ ವಜೀರನ ಹೆಸರು, ಅವನ ಮುದ್ರೆ. ಮುದ್ರೆಯಲ್ಲಿ ಮೌನದಲ್ಲೇ ಕ್ಷೇಮ ಎಂಬ ಮಾತು. ವಜೀರ ಮೊದಲು ಹೆಸರು ಹೊಡೆದುಹಾಕುತ್ತಾನೆ, ಆಮೇಲೆ ಪದ್ಯ ಎಲ್ಲವನ್ನೂ. ಸೇತುವೆ ಶಾಸನವಿಲ್ಲದೆ ನಿಲ್ಲುತ್ತದೆ. ಅಧಿಕಾರ ಉಂಡ ಮನುಷ್ಯನ ಅಂಜಿಕೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ಹತ್ತೇ ಪುಟ ಸಾಕಾಗಿದೆ.

ಮೂರು ಯುದ್ಧಕಾಲದ ಕಾದಂಬರಿಗಳಲ್ಲಿ ನನ್ನ ಆಯ್ಕೆ 'ತ್ರಾವ್ನಿಕ್ ವೃತ್ತಾಂತ'. ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದಾಗ ಆಂದ್ರಿಚ್ ಅಲ್ಲಿನ ದಫ್ತರಖಾನೆಯಲ್ಲಿ ಕೂತು, ನೆಪೋಲಿಯನ್ ಕಾಲದಲ್ಲಿ ತ್ರಾವ್ನಿಕ್‌ನಲ್ಲಿ ಫ್ರೆಂಚ್ ಕಾನ್ಸಲ್ ಆಗಿದ್ದ ಪಿಯೆರ್ ದಾವಿದ್ ಎಂಬವನ ವರದಿಗಳನ್ನೆಲ್ಲ ಓದಿದ್ದ. ಒಬ್ಬ ರಾಜತಾಂತ್ರಿಕ ಇನ್ನೊಬ್ಬ ಸತ್ತ ರಾಜತಾಂತ್ರಿಕನ ಕಡತ ಬಿಚ್ಚಿ ಓದುವುದು! ಕಾದಂಬರಿಯಲ್ಲಿ ಅವನು ದಾವಿಲ್ ಆಗುತ್ತಾನೆ. ಕಾಲ 1807ರಿಂದ 1814. ಕಿರಿದಾದ ಕಣಿವೆಯ ಊರು, ಮಳೆ, ಕೆಸರು, ಎದುರು ಬೆಟ್ಟದಲ್ಲಿ ಆಸ್ಟ್ರಿಯಾದ ಕಾನ್ಸಲ್, ಮೇಲೆ ತುರ್ಕ ವಜೀರ, ಬೀದಿಯಲ್ಲಿ ಉಗಿಯುವ ಜನ. ದಾವಿಲ್ ಒಳ್ಳೆಯವನು, ಸಾಧಾರಣ ಬುದ್ಧಿಯವನು, ಬಿಡುವಿನಲ್ಲಿ ಅಲೆಕ್ಸಾಂಡರನ ಮೇಲೆ ಮಹಾಕಾವ್ಯ ಬರೆಯುತ್ತಾನೆ, ಅದು ಮುಗಿಯುವುದೇ ಇಲ್ಲ. ಎರಡೂ ಕಾನ್ಸಲರು ಒಬ್ಬರ ಕಾಗದ ಇನ್ನೊಬ್ಬರು ಕದಿಯುತ್ತಾರೆ, ಒಬ್ಬರ ಮೇಲೊಬ್ಬರು ವರದಿ ಬರೆಯುತ್ತಾರೆ, ಆದರೆ ಇಡೀ ಊರಿನಲ್ಲಿ ಪರಸ್ಪರ ಅರ್ಥವಾಗುವವರು ಅವರಿಬ್ಬರೇ.

ಅಲ್ಲಿನ ಒಂದು ದೃಶ್ಯ ಮರೆಯಲಾಗದು. ಇಬ್ರಾಹಿಂ ಪಾಶಾನ ದಿವಾನದಲ್ಲಿ ವಿಜಯೋತ್ಸವ. ಬಂಡಾಯಗಾರ ಸರ್ಬರದೆಂದು ಚೀಲದಿಂದ ಕಿವಿ, ಮೂಗುಗಳನ್ನು ಚಾಪೆಯ ಮೇಲೆ ಸುರಿಯುತ್ತಾರೆ. ಕಾನ್ಸಲ್ ಅಭಿನಂದನೆ ಹೇಳಬೇಕು, ಹೇಳುತ್ತಾನೆ. ಅವು ಬಂಡಾಯಗಾರರವಲ್ಲ, ಎಲ್ಲೋ ಹಬ್ಬಕ್ಕೆ ಸೇರಿದ್ದ ನಿರಪರಾಧಿ ಹಳ್ಳಿಗರವು ಎಂದು ಆಮೇಲೆ ಗೊತ್ತಾಗುತ್ತದೆ. ನಾಜಿ ಬರ್ಲಿನ್ನಿನ ಔತಣಕೂಟಗಳಿಂದ ಬಂದವನು, ಮರಳಿದ ಕೆಲವೇ ತಿಂಗಳಲ್ಲಿ ಈ ಪುಟಗಳನ್ನು ಬರೆಯುತ್ತಿದ್ದ ಎಂಬುದನ್ನು ನೆನಪಿಟ್ಟು ಓದಿ. ಆತ ಬರ್ಲಿನ್ ಬಗ್ಗೆ ಆತ್ಮಕಥೆ ಬರೆಯಲಿಲ್ಲ, ಸಮರ್ಥನೆಯನ್ನೂ ಬರೆಯಲಿಲ್ಲ. ನನ್ನ ಓದಿನಲ್ಲಿ ಆ ಲೆಕ್ಕ ತೀರಿದ್ದು ಇಲ್ಲಿ.

ಬರವಣಿಗೆಯ ರೀತಿಯೂ ಕಚೇರಿಯದೇ. ಹಳೆಯ ಶಾನುಭೋಗರ ಖಿರ್ದಿಯ ಹಾಗೆ ಏನಾಯಿತು, ಯಾವ ವರ್ಷ, ಯಾರು ಎದುರಿದ್ದರು ಎಂದು ಸಾಲು ಸಾಲಾಗಿ ಬರೆಯುತ್ತ ಹೋಗುತ್ತಾನೆ, ದನಿ ಏರುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಂದು ಸಾಲು ಕೊಯ್ಯುತ್ತದೆ. ಇದು ಕೆಲವರಿಗೆ ಬೇಸರ ತರಿಸುತ್ತದೆ, ನಿಜ. 'ತ್ರಾವ್ನಿಕ್' ನಡುನಡುವೆ ಜಗ್ಗುತ್ತದೆ. 'ಗೊಸ್ಪೊಜಿತ್ಸಾ' (ಇಂಗ್ಲಿಷಿನಲ್ಲಿ 'ಸರಾಯೆವೊದ ಹೆಂಗಸು') ಒಬ್ಬ ಜಿಪುಣಿಯ ಕಥೆ. ಕುಶಲ ಕೆಲಸ, ಆದರೆ ಮೊದಲ ಮೂವತ್ತು ಪುಟಕ್ಕೇ ನಮಗೆ ಅವಳ ಗುಟ್ಟು ಗೊತ್ತಾಗಿಬಿಡುತ್ತದೆ.

ಈಗ ಮುಸ್ಲಿಂ ಪ್ರಶ್ನೆ. ಆರೋಪಿಸುವವರ ಕೈಯಲ್ಲಿ ಎರಡು ಗಟ್ಟಿ ಸಾಕ್ಷಿಗಳಿವೆ. ಒಂದು, ಗ್ರಾಟ್ಸ್‌ನ ಆ ಡಾಕ್ಟರೇಟ್ ಪ್ರಬಂಧ. ತುರ್ಕರ ಆಳ್ವಿಕೆಯಲ್ಲಿ ಬೊಸ್ನಿಯಾದ ಆಧ್ಯಾತ್ಮಿಕ ಜೀವನ ಎಂಬುದು ವಿಷಯ. ಆಳ್ವಿಕೆಯ ಪರಿಣಾಮ ಪೂರ್ತಿ ಕೆಟ್ಟದ್ದೆಂಬುದು ಅದರ ನಿಲುವು. ಆತ ಬದುಕಿರುವಾಗ ಅದನ್ನು ಸರ್ಬಿಯನ್‌ನಲ್ಲಿ ಪ್ರಕಟಿಸಲಿಲ್ಲ, 1982ರಲ್ಲಷ್ಟೇ ಬಂತು. ಎರಡು, ಕಾದಂಬರಿಗಳಲ್ಲಿ ಇರದಿರುವುದು. ಮುಹ್ಸಿನ್ ರಿಜ್ವಿಚ್‌ನಂಥ ಬೊಸ್ನಿಯಾದ ವಿಮರ್ಶಕರು ಇದನ್ನು ವಿವರವಾಗಿ ಎತ್ತಿ ತೋರಿಸಿದ್ದಾರೆ. ನಾಲ್ಕು ಶತಮಾನ ಬೊಸ್ನಿಯಾದ ಮುಸ್ಲಿಮರು ಕಟ್ಟಿದ ಗ್ರಂಥಾಲಯಗಳು, ತುರ್ಕಿ, ಪಾರ್ಸಿ, ಅರಬ್ಬಿಯಲ್ಲಿ ಬರೆದ ಕವಿಗಳು, ದರ್ವೇಶಿಗಳ ಮಠಗಳು ಆಂದ್ರಿಚ್‌ನಲ್ಲಿ ತೀರ ಕಡಿಮೆ. ಕ್ರೌರ್ಯ, ಜಡತೆ, ಮೈಗಳ್ಳತನಗಳಿಗೆ ಮಾತ್ರ ಕೊರತೆಯಿಲ್ಲ. ಇದು ಸಣ್ಣ ಲೋಪವಲ್ಲ, ಒಪ್ಪಲೇಬೇಕು.

ಹಾಗಿದ್ದೂ ಅವನ ಅತ್ಯುತ್ತಮ ಮನುಷ್ಯರು ಯಾರೆಂದು ಕೇಳಿದರೆ ನಾನು ದಾವುತ್ ಹೋಜಾ, ಅಲಿಹೋಜಾ, 'ಶಾಪಗ್ರಸ್ತ ಅಂಗಳ' ಎಂಬ ಇನ್ನೊಂದು ಕಾದಂಬರಿಯ ಚಾಮಿಲ್ ಎನ್ನುತ್ತೇನೆ. ಮೂವರೂ ಮುಸ್ಲಿಮರು. ಪ್ರಬಂಧಕಾರ ಸಾಮ್ರಾಜ್ಯವನ್ನು ಖಂಡಿಸಿದ. ಕಾದಂಬರಿಕಾರ ಸಾಮ್ರಾಜ್ಯದ ಒಳಗೆ ಸಿಕ್ಕಿಬಿದ್ದವರ ಪಕ್ಕ ಕೂತ. ಎರಡೂ ಒಬ್ಬನೇ ಮನುಷ್ಯ ಮಾಡಿದ್ದು, ಒಂದನ್ನು ಇನ್ನೊಂದರಿಂದ ಅಳಿಸಲಾಗದು.

ಇನ್ನೊಂದು ಕಥೆಯನ್ನೂ ಇದೇ ವಿಚಾರಕ್ಕೆ ಎಳೆಯುತ್ತಾರೆ, '1920ರ ಒಂದು ಪತ್ರ'. ಮಾಕ್ಸ್ ಲೆವೆನ್‌ಫೆಲ್ಡ್ ಎಂಬ ವೈದ್ಯ ಬೊಸ್ನಿಯಾ ಬಿಟ್ಟು ಹೋಗುತ್ತ, ಇದು ದ್ವೇಷದ ನಾಡು ಎಂದು ಗೆಳೆಯನಿಗೆ ಬರೆಯುತ್ತಾನೆ. ಸರಾಯೆವೊದ ರಾತ್ರಿ: ಕ್ಯಾಥೊಲಿಕ್ ಇಗರ್ಜಿಯ ಗಡಿಯಾರ ಎರಡು ಹೊಡೆಯುತ್ತದೆ, ಸ್ವಲ್ಪ ತಡೆದು ಆರ್ಥೊಡಾಕ್ಸ್ ಇಗರ್ಜಿಯದು, ಮಸೀದಿಯ ಗೋಪುರದ್ದು ತುರ್ಕರ ಲೆಕ್ಕದಲ್ಲಿ ಹನ್ನೊಂದು, ಯಹೂದಿಗಳಿಗೆ ಹೊಡೆಯುವ ಗಡಿಯಾರವೇ ಇಲ್ಲ. 1990ರ ದಶಕದ ಯುದ್ಧದಲ್ಲಿ, ಇಲ್ಲಿಯ ಜನ ಒಟ್ಟಿಗೆ ಬಾಳಲಾರರು ಎಂಬುದಕ್ಕೆ ಪುರಾವೆಯೆಂಬಂತೆ ಈ ಪತ್ರವನ್ನು ಉಲ್ಲೇಖಿಸಿದರು. ಕಥೆ ಪತ್ರದಲ್ಲಿ ಮುಗಿಯುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ದ್ವೇಷದಿಂದ ಓಡಿಹೋದ ಆ ವೈದ್ಯ ಸ್ಪೇನ್‌ನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡುತ್ತಿದ್ದಾಗ ಆಸ್ಪತ್ರೆಯ ಮೇಲೆ ಬಿದ್ದ ಬಾಂಬಿಗೆ ಬಲಿಯಾಗುತ್ತಾನೆ. ಬೊಸ್ನಿಯಾ ಬಿಟ್ಟರೆ ಪಾರಾದೆ ಎಂದುಕೊಂಡವನನ್ನು ಕಥೆಗಾರ ಪಾರುಮಾಡಲಿಲ್ಲ.

ಯುದ್ಧ ಆಂದ್ರಿಚ್‌ನ ಊರನ್ನೂ ಬಿಡಲಿಲ್ಲ. 1991ರಲ್ಲಿ ವಿಶೆಗ್ರಾದಿನಲ್ಲಿದ್ದ ಆತನ ಸ್ಮಾರಕವನ್ನು ಒಬ್ಬ ಮುಸ್ಲಿಂ ಉಗ್ರವಾದಿ ಒಡೆದುಹಾಕಿದ. ಮರುವರ್ಷ ಸರ್ಬ್ ಪಡೆಗಳು ಊರಿನ ಬೊಸ್ನಿಯಾಕ್ ಮುಸ್ಲಿಮರನ್ನು ಅದೇ ಸೇತುವೆಯ ಮೇಲೆ ಕೊಂದು ದ್ರಿನಾಕ್ಕೆ ಎಸೆದವು. ಆ ಊರಿನ ಅಪರಾಧಗಳಿಗಾಗಿ ಹೇಗ್‌ನ ನ್ಯಾಯಮಂಡಳಿ ಮಿಲಾನ್ ಲೂಕಿಚ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2014ರಲ್ಲಿ ಸಿನಿಮಾ ನಿರ್ದೇಶಕ ಎಮಿರ್ ಕುಸ್ತುರಿತ್ಸಾ ಸೇತುವೆಯ ಹತ್ತಿರವೇ 'ಆಂದ್ರಿಚ್‌ಗ್ರಾದ್' ಎಂಬ ಕಲ್ಲಿನ ಹೊಸ ಪೇಟೆ ಕಟ್ಟಿಸಿ ತೆರೆದ. ಸತ್ತವರ ಕುಟುಂಬದವರಿಗೆ ಆ ಹೆಸರು ಹೇಗೆ ಕೇಳಿಸೀತು, ಯೋಚಿಸಿ. ಆಂದ್ರಿಚ್‌ನ ಮೇಲಿನ ಸಿಟ್ಟಿನಲ್ಲಿ ಎಷ್ಟೋ ಪಾಲು ಆತ ಬರೆದದ್ದಕ್ಕಲ್ಲ, ಆತನ ಹೆಸರಿನಲ್ಲಿ ಮಾಡಿದ್ದಕ್ಕೆ.

ಯಾವ ದೇಶದವನು ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಹುಟ್ಟು ಕ್ರೊಯೇಷಿಯನ್ ಕ್ಯಾಥೊಲಿಕ್, ನೆಲ ಬೊಸ್ನಿಯಾ, 1919ರ ನಂತರದ ಮನೆ, ಬರವಣಿಗೆಯ ಭಾಷಾರೂಪ ಬೆಲ್‌ಗ್ರೇಡಿನದು. 1930ರ ದಶಕದಲ್ಲಿ ಕ್ರೊಯೇಷಿಯನ್ ಕವಿತಾ ಸಂಕಲನವೊಂದರಲ್ಲಿ ಸೇರಲು ಒಪ್ಪಲಿಲ್ಲ. ಆತ ಹದಿಹರೆಯದಿಂದ ಕೊನೆಯವರೆಗೆ ನಂಬಿದ್ದು ಯುಗೊಸ್ಲಾವಿಯಾವನ್ನು. ಆ ದೇಶ ಈಗಿಲ್ಲ. ವಾರಸುದಾರರ ಜಗಳಕ್ಕೆ ಅದೇ ಕಾರಣ.

1945ರ ನಂತರ ಕಮ್ಯುನಿಸ್ಟ್ ಸರ್ಕಾರ ಹಳೆಯ ರಾಜನ ರಾಯಭಾರಿಯನ್ನು ತಳ್ಳಲಿಲ್ಲ. ಲೇಖಕರ ಒಕ್ಕೂಟದ ಅಧ್ಯಕ್ಷನಾದ, 1954ರಲ್ಲಿ ಪಕ್ಷ ಸೇರಿದ. 1958ರಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ, ರಂಗಭೂಮಿಯ ವಸ್ತ್ರವಿನ್ಯಾಸಕಿ ಮಿಲಿತ್ಸಾ ಬಾಬಿಚ್‌ಳನ್ನು ಮದುವೆಯಾದ. 1961ರ ಸೆಪ್ಟೆಂಬರಿನಲ್ಲಿ ನೆಹರೂ ಪಾಲ್ಗೊಂಡಿದ್ದ ಅಲಿಪ್ತ ರಾಷ್ಟ್ರಗಳ ಮೊದಲ ಸಮ್ಮೇಳನ ಬೆಲ್‌ಗ್ರೇಡಿನಲ್ಲಿ ನಡೆದು ಎರಡು ತಿಂಗಳಾಗುವ ಮೊದಲೇ ಆತನಿಗೆ ಸಾಹಿತ್ಯದ ನೊಬೆಲ್ ಘೋಷಣೆಯಾಯಿತು. ಆ ವರ್ಷ ಗ್ರಹಾಂ ಗ್ರೀನ್, ಫಾರ್ಸ್ಟರ್, ಟೋಲ್ಕಿನ್ ಹೆಸರುಗಳೂ ಪರಿಶೀಲನೆಯಲ್ಲಿದ್ದವು. ಬಹುಮಾನದ ಹಣ ಬೊಸ್ನಿಯಾ ಹೆರ್ಜೆಗೊವಿನಾದ ಗ್ರಂಥಾಲಯಗಳಿಗೆ ಹೋಯಿತು. 1975ರ ಮಾರ್ಚ್ 13ರಂದು ಬೆಲ್‌ಗ್ರೇಡಿನಲ್ಲಿ ತೀರಿಕೊಂಡ.

ಮುಂದೆ ಏನು ಓದಬೇಕು? 'ಶಾಪಗ್ರಸ್ತ ಅಂಗಳ'. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಅನುವಾದ, ಎರಡು ಹೆಸರು, ಯಾವುದಾದರೂ ಸರಿ. ನೂರು ಪುಟ ಚಿಲ್ಲರೆ, 1954ರಲ್ಲಿ ಬಂದದ್ದು. ಯಾವುದೋ ತಪ್ಪು ತಿಳಿವಳಿಕೆಯಿಂದ ಇಸ್ತಾಂಬುಲ್ಲಿನ ಜೈಲಿಗೆ ಬಿದ್ದ ಬೊಸ್ನಿಯಾದ ಪಾದ್ರಿ ಪೆತಾರ್ ಹೇಳಿದ ಕಥೆಯೊಳಗೆ ಸಹಕೈದಿ ಹಾಯಿಮ್ ಹೇಳಿದ ಕಥೆ, ಅದರೊಳಗೆ ಚಾಮಿಲ್‌ನ ಕಥೆ, ಅದರೊಳಗೆ ಹದಿನೈದನೆಯ ಶತಮಾನದ ಜೆಮ್ ಸುಲ್ತಾನನದು. ಚಾಮಿಲ್ ಓದಿನ ಹುಚ್ಚಿನ ಯುವಕ. ಅಣ್ಣನಿಗೆ ಸಿಂಹಾಸನ ಸೋತು ಪರದೇಶದಲ್ಲಿ ಒತ್ತೆಯಾಳಾಗಿ ಸತ್ತ ಜೆಮ್‌ನ ಚರಿತ್ರೆ ಬರೆಯುವುದು ಅವನ ಅಪರಾಧ, ಏಕೆಂದರೆ ಈಗಿನ ಸುಲ್ತಾನನಿಗೂ ಒಬ್ಬ ತಮ್ಮ ಇದ್ದಾನೆ. ಜೈಲಿನ ಮುಖ್ಯಸ್ಥ ಕರಾಜೊಜ್ ಆಂದ್ರಿಚ್ ಸೃಷ್ಟಿಸಿದ ಅಧಿಕಾರಿಗಳಲ್ಲೆಲ್ಲ ದೊಡ್ಡವನು. ಇಲ್ಲಿ ಬಂದವರಲ್ಲಿ ನಿರಪರಾಧಿ ಯಾರೂ ಇಲ್ಲ ಎಂಬುದು ಅವನ ಸಿದ್ಧಾಂತ. ಈ ಅಪರಾಧ ಮಾಡದಿದ್ದರೆ ಇನ್ನೊಂದು ಮಾಡಿರುತ್ತಾನೆ. ನಗುತ್ತಾನೆ, ಅಳುತ್ತಾನೆ, ಕೈದಿಗಳ ಮೇಲೆ ಪ್ರೀತಿಯೂ ಇದ್ದಂತಿದೆ. 1948ರಲ್ಲಿ ಕಮ್ಯುನಿಸ್ಟ್ ನಾಯಕ ಟಿಟೊ ಸ್ಟಾಲಿನ್‌ನಿಂದ ಬೇರೆಯಾದ ಮೇಲೆ ಯುಗೊಸ್ಲಾವಿಯಾ ತನ್ನದೇ ಕಮ್ಯುನಿಸ್ಟರನ್ನು ಗೋಲಿ ಒತೋಕ್ ಎಂಬ ಬೋಳು ದ್ವೀಪದ ಸೆರೆಯಲ್ಲಿಟ್ಟಿತ್ತು. ಆ ದಿನಗಳಲ್ಲಿ ಪಕ್ಷ ಸೇರಿದವನೇ ಈ ಪುಸ್ತಕವನ್ನೂ ಪ್ರಕಟಿಸಿದ. ಆಟೊಮನ್ ಇಸ್ತಾಂಬುಲ್ ಎಂಬ ಮುಸುಕು ಎಷ್ಟು ತೆಳು ಎಂದು ಆಗಿನ ಓದುಗರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅದಾದ ಮೇಲೆ 'ವಜೀರನ ಆನೆ' ಎಂಬ ನೀಳ್ಗತೆ. ಹೊಸ ವಜೀರನನ್ನು ಮುಟ್ಟಲಾಗದ ತ್ರಾವ್ನಿಕ್‌ನ ವರ್ತಕರು ಅವನು ಸಾಕಿದ ಮರಿಯಾನೆಯ ಮೇಲೆ ಹಗೆ ತೀರಿಸಿಕೊಳ್ಳಲು ಹೊರಡುತ್ತಾರೆ. ಆನೆ ಕಂಡು ಬೆಳೆದ ನಮ್ಮವರಿಗೆ ಇದು ಬೇರೆಯದೇ ರೀತಿಯಲ್ಲಿ ನಗು ತರಿಸುತ್ತದೆ. 'ತ್ರಾವ್ನಿಕ್ ವೃತ್ತಾಂತ'ಕ್ಕೆ ಮಳೆಗಾಲ ಇಟ್ಟುಕೊಳ್ಳಿ, ಅವಸರ ಮಾಡಬೇಡಿ. ಆಮೇಲೂ ಹಸಿವಿದ್ದರೆ, ಆತ ಮುಗಿಸದೆ ಬಿಟ್ಟ 'ಒಮರ್ ಪಾಶಾ ಲಾತಾಸ್' ಇದೆ. ಸೀಲಿಯಾ ಹಾಕ್ಸ್‌ವರ್ತ್ ಅನುವಾದ 2018ರಲ್ಲಿ ಬಂತು. ಆಸ್ಟ್ರಿಯಾ ಸೈನ್ಯದ ಸರ್ಬ್ ಹುಡುಗ ಗಡಿ ದಾಟಿ, ಮತಾಂತರಗೊಂಡು, ಸುಲ್ತಾನನ ಸೇನಾಪತಿಯಾಗಿ 1850ರಲ್ಲಿ ಬೊಸ್ನಿಯಾದ ಮುಸ್ಲಿಂ ಜಮೀನ್ದಾರರನ್ನು ಬಗ್ಗುಬಡಿಯಲು ಬರುತ್ತಾನೆ. ಬಿಡಿ ಬಿಡಿ ಅಧ್ಯಾಯಗಳು, ಜೋಡಣೆ ಆತನದಲ್ಲ, ಆದ್ದರಿಂದ ಕಾದಂಬರಿಯಂತೆ ನಿರೀಕ್ಷಿಸಬೇಡಿ. ಒಮರ್ ಪಾಶಾ ಚಿತ್ರಕಾರನೊಬ್ಬನ ಎದುರು ಕೂರುವ ಭಾಗದಿಂದ ಶುರುಮಾಡಿದರೂ ನಡೆಯುತ್ತದೆ.